ಆ ರಿಜಿಸ್ಟರ್‌ನಲ್ಲಿ ನನ್ನ ಸೈನ್ ಕೂಡ ಇದೆ, ಈಗ ಬಾಯಿ ಬಿಟ್ಟರೆ ನನ್ನ ಗತಿ ಏನು?

ಪ್ರಶ್ನೆ: ನಾನು ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್, ಒಂಬತ್ತು ವರ್ಷದ ಅನುಭವ. ಉಪಕರಣ ಸ್ಟೆರಿಲೈಸ್ ಮಾಡುವ ನಮ್ಮ ಆಟೋಕ್ಲೇವ್‌ಗೆ ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ ಮಾಡಬೇಕು. ಆ ಪರೀಕ್ಷೆಯ ಇಂಕ್ಯುಬೇಟರ್ ಕೆಟ್ಟು ಎರಡು ತಿಂಗಳಾಯಿತು. ಆದರೂ ರಿಜಿಸ್ಟರ್‌ನಲ್ಲಿ ಪ್ರತಿ ವಾರ 'ಪಾಸ್' ಎಂದು ಬರೆಯುತ್ತಾರೆ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. 'ಮೆಷಿನ್ ಚೆನ್ನಾಗೇ ಓಡ್ತಿದೆ, ತಲೆ ಕೆಡಿಸ್ಕೋಬೇಡ' ಅಂದರು. ಅವರು ಹೇಳಿದರು ಅಂತ ಎರಡು ಸಲ ನಾನೇ ಸೈನ್ ಹಾಕಿದ್ದೇನೆ. ಕಳೆದ ವಾರ ಒಂದು ಪ್ಯಾಕ್ ಬಿಚ್ಚಿದಾಗ ಹಬೆ ಸರಿಯಾಗಿ ತಲುಪಿದೆಯೇ ಎಂದು ತೋರಿಸುವ ಒಳಗಿನ ಇಂಡಿಕೇಟರ್ ಪಟ್ಟಿಯ ಬಣ್ಣ ಪೂರ್ತಿ ಬದಲಾಗಿರಲಿಲ್ಲ. ನಿದ್ದೆ ಬರುತ್ತಿಲ್ಲ ಮೇಡಂ. ಹೆಸರು ಹಾಕದೆ ಪತ್ರ ಬರೆಯಲೇ? ಅಥವಾ ಸುಮ್ನೆ ಕೆಲಸ ಬಿಟ್ಟು, ಬೇರೆ ಕಡೆ ಸೇರಿದ ಮೇಲೆ ಹೇಳಲೇ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಒಂದು ಮಾತು. ನೀವು ನೋಡಿದ್ದು ಸಣ್ಣ ವಿಷಯ ಅಲ್ಲ, ನಿಮಗೆ ಭ್ರಮೆಯೂ ಅಲ್ಲ. ಆಟೋಕ್ಲೇವ್‌ನ ಮುಳ್ಳು 121 ಡಿಗ್ರಿ ತೋರಿಸಬಹುದು, ಟೈಮರ್ ಸರಿಯಾಗಿ ಓಡಬಹುದು, ಆದರೆ ಒತ್ತಾಗಿ ತುಂಬಿದ ಪ್ಯಾಕ್‌ನ ಒಳಗಿನವರೆಗೆ ಹಬೆ ತಲುಪಿತಾ ಅನ್ನೋದನ್ನು ಆ ಮುಳ್ಳು ಹೇಳುವುದಿಲ್ಲ. ಅದಕ್ಕೇ ಬಿಸಿಗೆ ಸುಲಭಕ್ಕೆ ಸಾಯದ ಸ್ಪೋರ್‌ಗಳನ್ನು, ಅಂದರೆ ಬ್ಯಾಕ್ಟೀರಿಯಾದ ಗಟ್ಟಿ ಬೀಜಗಳನ್ನು, ಒಳಗಿಟ್ಟು, ಆಮೇಲೆ ಇಂಕ್ಯುಬೇಟರ್‌ನಲ್ಲಿ ಬೆಳೆಯುತ್ತವಾ ಎಂದು ನೋಡುವುದು. ಇಂಕ್ಯುಬೇಟರ್ ಇಲ್ಲದೆ ಆ ಪರೀಕ್ಷೆ ನಡೆಯುವುದೇ ಇಲ್ಲ. ನಡೆಯದ ಪರೀಕ್ಷೆಗೆ 'ಪಾಸ್' ಬರೆದರೆ ಅದು ಸುಳ್ಳು ದಾಖಲೆ. 'ಚೆನ್ನಾಗೇ ಓಡ್ತಿದೆ' ಎಂದು ಹೇಳಲು ನಿಮ್ಮ ಇನ್‌ಚಾರ್ಜ್ ಹತ್ತಿರ ಯಾವ ಆಧಾರವೂ ಇಲ್ಲ.

ಹಾಗಾಗಿ ವಿಸಲ್‌ಬ್ಲೋವರ್, ಅಂದರೆ ಒಳಗಿನ ತಪ್ಪನ್ನು ಬಯಲು ಮಾಡುವವರು, ಆಗಬೇಕಾ ಬೇಡವಾ ಅನ್ನೋದು ಆಮೇಲಿನ ಮಾತು. ಇವತ್ತಿನ ಡ್ಯೂಟಿಯ ಮಾತು ಬೇರೆ ಇದೆ. ಬಣ್ಣ ಬದಲಾಗದ ಪಟ್ಟಿ ಇರುವ ಪ್ಯಾಕ್ ಕೈಗೆ ಬಂದರೆ ಅದನ್ನು ಟೇಬಲ್‌ಗೆ ಬಿಡಬೇಡಿ. 'ಈ ಪ್ಯಾಕ್‌ನ ಇಂಡಿಕೇಟರ್ ಸರಿಯಾಗಿ ಬದಲಾಗಿಲ್ಲ, ಬೇರೆ ಕೊಡಿ' ಎಂದು ಸರ್ಜನ್‌ಗೆ ಕೇಳುವಂತೆ ಹೇಳಿ, ವಾಪಸ್ ಕಳಿಸಿ, ವಾಪಸ್ ಕಳಿಸಿದ್ದನ್ನು ಬರೆದಿಡಿ. ಇದು ಯಾರ ಮೇಲಿನ ದೂರೂ ಅಲ್ಲ, ನಿಮಗೆ ಕಲಿಸಿದ ಕೆಲಸ. ಇದಕ್ಕೆ ನಿಮ್ಮನ್ನು ತಪ್ಪಿತಸ್ಥೆ ಮಾಡುವುದು ಯಾರಿಗೂ ಸುಲಭ ಅಲ್ಲ. ಮತ್ತೆ ಇವತ್ತಿನಿಂದ ನೀವು ನೋಡದ ಪರೀಕ್ಷೆಗೆ ಸೈನ್ ಹಾಕಬೇಡಿ. ಒತ್ತಾಯ ಮಾಡಿದರೆ 'ಇಂಕ್ಯುಬೇಟರ್ ಕೆಟ್ಟಿದೆ, ಪರೀಕ್ಷೆ ಆಗಿಲ್ಲ' ಎಂದು ಬರೆದು ಅದರ ಕೆಳಗೆ ಸೈನ್ ಮಾಡಿ.

ಈಗ ನಿಮ್ಮ ನಿದ್ದೆ ಕೆಡಿಸಿರುವ ಆ ಎರಡು ಸೈನ್‌ಗಳು. ಇಷ್ಟು ವರ್ಷಗಳಲ್ಲಿ ನನ್ನ ಹತ್ತಿರ ಬಂದವರಲ್ಲಿ ಜಾಸ್ತಿ ಜನ ಬಾಯಿ ಮುಚ್ಚಿಕೊಂಡಿದ್ದು ಮೇಲಿನವರ ಭಯದಿಂದಲ್ಲ. ತಾವೂ ಅದರಲ್ಲಿ ಒಂದು ಕೈ ಹಾಕಿದ್ದೇವೆ ಅನ್ನುವ ನಾಚಿಕೆಯಿಂದ. ತಪ್ಪು ನಡೆಯುವ ಜಾಗದಲ್ಲಿ ಎಲ್ಲರ ಸೈನೂ ಸ್ವಲ್ಪ ಸ್ವಲ್ಪ ಇರುತ್ತದೆ, ಅದೇ ಎಲ್ಲರನ್ನೂ ಕಟ್ಟಿಹಾಕುವ ಹಗ್ಗ. ಅದನ್ನು ಬಿಚ್ಚುವ ದಾರಿ ಒಂದೇ, ನೀವೇ ಮೊದಲು ಹೇಳಿಬಿಡುವುದು. ನಿಮ್ಮ ಪತ್ರದಲ್ಲೇ ಬರೆಯಿರಿ: ಇಂಥ ಎರಡು ದಿನ ಇನ್‌ಚಾರ್ಜ್ ಸೂಚನೆಯ ಮೇಲೆ ನಾನು ಸೈನ್ ಮಾಡಿದ್ದೇನೆ, ಪರೀಕ್ಷೆ ನಡೆದಿದ್ದನ್ನು ನಾನು ನೋಡಿಲ್ಲ, ಮಾಡಬಾರದಿತ್ತು. ಇದನ್ನು ನೀವು ಹೇಳಿದರೆ ಅದು ಸಾಕ್ಷಿ. ನೀವು ಹೇಳದೆ, ಮೂರು ತಿಂಗಳ ಮೇಲೆ ಬೇರೆಯವರು ಆ ಪುಟ ತೆಗೆದು ತೋರಿಸಿದರೆ ಅದು ನಿಮ್ಮ ಮೇಲಿನ ಆರೋಪ. ಪುಟ ಅದೇ, ಸೈನ್ ಅದೇ, ಯಾರು ಮೊದಲು ತೋರಿಸಿದರು ಅನ್ನೋದರಲ್ಲೇ ವ್ಯತ್ಯಾಸ. ಆದರೆ ಆ ಸಾಲು ಬರೆಯುವ ಮೊದಲು ನಿಮ್ಮ ಸಂಘದವರ ಹತ್ತಿರ ಅಥವಾ ಕೆಲಸಗಾರರ ಕೇಸ್ ನೋಡುವ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಒಪ್ಪಿಕೊಂಡವರಿಗೆ ಶಿಕ್ಷೆ ಬರುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಮುಚ್ಚಿಟ್ಟರೆ ಬರುವ ಅಪಾಯ ಇದಕ್ಕಿಂತ ದೊಡ್ಡದು ಎಂದು ಮಾತ್ರ ಹೇಳಬಲ್ಲೆ.

ಹೆಸರು ಹಾಕದೆ ಬರೆಯಲೇ ಎಂದು ಕೇಳಿದ್ದೀರಿ. ಅಮೆರಿಕದ ಟೆಕ್ಸಾಸ್‌ನಲ್ಲಿ ವಿಂಕ್ಲರ್ ಕೌಂಟಿ ಎಂಬ ಸಣ್ಣ ಜಾಗದ ಆಸ್ಪತ್ರೆಯಲ್ಲಿ 2009ರಲ್ಲಿ ಇಬ್ಬರು ನರ್ಸ್‌ಗಳು, ಆ್ಯನ್ ಮಿಚೆಲ್ ಮತ್ತು ವಿಕಿಲಿನ್ ಗ್ಯಾಲೆ, ಒಬ್ಬ ವೈದ್ಯರ ಚಿಕಿತ್ಸೆ ಬಗ್ಗೆ ರಾಜ್ಯದ ಮೆಡಿಕಲ್ ಬೋರ್ಡ್‌ಗೆ ಹೆಸರಿಲ್ಲದ ಪತ್ರ ಬರೆದರು. ಆ ವೈದ್ಯರು ಅಲ್ಲಿನ ಶೆರಿಫ್‌ಗೆ, ಅಂದರೆ ಪೊಲೀಸ್ ಮುಖ್ಯಸ್ಥರಿಗೆ, ಆಪ್ತರು. ಶೆರಿಫ್ ತನಿಖೆ ಶುರು ಮಾಡಿದ್ದು ವೈದ್ಯರ ಮೇಲಲ್ಲ, ಪತ್ರ ಬರೆದವರು ಯಾರು ಎಂದು. ಕಂಪ್ಯೂಟರ್ ಜಾಲಾಡಿ ಪತ್ರ ಹಿಡಿದರು. ಇಬ್ಬರ ಕೆಲಸವೂ ಹೋಯಿತು, ಮೇಲೆ ಕ್ರಿಮಿನಲ್ ಕೇಸ್ ಬೇರೆ. ಗ್ಯಾಲೆ ಮೇಲಿನ ಕೇಸನ್ನು ವಿಚಾರಣೆಗೆ ಮೊದಲೇ ಕೈಬಿಟ್ಟರು, ಮಿಚೆಲ್ ಕೋರ್ಟಿಗೆ ನಿಲ್ಲಬೇಕಾಯಿತು. 2010ರ ಫೆಬ್ರವರಿಯಲ್ಲಿ ಜ್ಯೂರಿ ಒಂದು ಗಂಟೆಯೊಳಗೆ ಆಕೆ ನಿರ್ದೋಷಿ ಎಂದಿತು. ಆಮೇಲೆ ಇಬ್ಬರಿಗೂ ಸೇರಿ 7,50,000 ಡಾಲರ್ ಪರಿಹಾರ ಸಿಕ್ಕಿತು. ಗೆದ್ದರು ನಿಜ. ಆದರೆ ಹೆಸರಿಲ್ಲದ ಪತ್ರ ಅವರನ್ನು ಕಾಪಾಡಲಿಲ್ಲ ಅಲ್ವಾ.

ಸಣ್ಣ ಥಿಯೇಟರ್‌ನಲ್ಲಿ ಯಾರಿಗೆ ಏನು ಗೊತ್ತು ಅನ್ನೋದು ಎಲ್ಲರಿಗೂ ಗೊತ್ತು. ನೀವು ಆಗಲೇ ಇನ್‌ಚಾರ್ಜ್ ಹತ್ತಿರ ಕೇಳಿದ್ದೀರಿ. ನಾಳೆ ಅನಾಮಿಕ ಪತ್ರ ಬಂದರೆ ಮೊದಲ ಹೆಸರು ನಿಮ್ಮದೇ. ಇನ್ನೊಂದು ತೊಂದರೆ ಇದೆ. ಕಾನೂನಿನ ರಕ್ಷಣೆ ಸಿಗಬೇಕಾದರೆ 'ದೂರು ಕೊಟ್ಟಿದ್ದು ನಾನು, ಅದು ಇವರಿಗೆ ಗೊತ್ತಿತ್ತು, ಅದಕ್ಕೇ ತೊಂದರೆ ಕೊಟ್ಟರು' ಎಂದು ತೋರಿಸಬೇಕಾಗುತ್ತದೆ. ಹೆಸರೇ ಇಲ್ಲದಿದ್ದರೆ ಅದನ್ನು ತೋರಿಸುವುದು ಬಹಳ ಕಷ್ಟ. ನನ್ನ ಸಲಹೆ ಹೆಸರು ಹಾಕಿ ಬರೆಯಿರಿ, ಆದರೆ 'ನನ್ನ ಹೆಸರನ್ನು ಗೋಪ್ಯವಾಗಿಡಿ' ಎಂದು ಅದೇ ಪತ್ರದಲ್ಲಿ ಕೇಳಿ. ಅನಾಮಿಕ ಬೇರೆ, ಗೋಪ್ಯ ಬೇರೆ. ಗೋಪ್ಯ ಅಂದರೆ ಪತ್ರ ತೆಗೆದುಕೊಂಡವರಿಗೆ ನೀವು ಯಾರು ಎಂದು ಗೊತ್ತು, ಹೊರಗೆ ಬಿಟ್ಟರೆ ಅವರೇ ಉತ್ತರ ಕೊಡಬೇಕು. ನಿಮ್ಮ ಮೈಮೇಲೆ ಕೈ ಮಾಡುವ ಮಟ್ಟದ ಅಪಾಯ ಇದ್ದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಹಾಗೇನೂ ಕಾಣಲಿಲ್ಲ.

ಯಾವ ಕಾರಣಕ್ಕೂ ಸ್ಟಾಫ್ ಗ್ರೂಪ್‌ನಲ್ಲಿ ಮೆಸೇಜ್ ಹಾಕಬೇಡಿ. ವುಹಾನ್‌ನ ಕಣ್ಣಿನ ವೈದ್ಯ ಲಿ ವೆನ್ಲಿಯಾಂಗ್ 2019ರ ಡಿಸೆಂಬರ್ 30ರಂದು ತಮ್ಮ ಜೊತೆ ಓದಿದ ವೈದ್ಯರ ಗ್ರೂಪ್‌ಗೆ ಹೊಸ ಸೋಂಕಿನ ಎಚ್ಚರಿಕೆ ಹಾಕಿದರು. ಹೊರಗೆ ಹಂಚಬೇಡಿ ಎಂದೂ ಹೇಳಿದ್ದರು. ಸ್ಕ್ರೀನ್‌ಶಾಟ್ ಅವರ ಹೆಸರಿನ ಸಮೇತ ಹೊರಗೆ ಬಂತು. ಜನವರಿ 3ಕ್ಕೆ ಪೊಲೀಸರು ಕರೆಸಿ, ಸುಳ್ಳು ಹಬ್ಬಿಸಿದ್ದೀರಿ ಎಂಬ ಪತ್ರಕ್ಕೆ ಸೈನ್ ಹಾಕಿಸಿಕೊಂಡರು. ಫೆಬ್ರವರಿ 7ಕ್ಕೆ ಅವರು ಅದೇ ಸೋಂಕಿನಿಂದ ತೀರಿಕೊಂಡರು. ಸೈನ್ ಹಾಕಿಸಿಕೊಂಡ ಆ ಪತ್ರವನ್ನು ಪೊಲೀಸರು ವಾಪಸ್ ತೆಗೆದುಕೊಂಡು ಕ್ಷಮೆ ಕೇಳಿದ್ದು ಮಾರ್ಚ್‌ನಲ್ಲಿ. ಅವರು ಹೇಳಿದ್ದು ಸರಿಯೇ ಆಗಿತ್ತು. ಗ್ರೂಪ್‌ನಲ್ಲಿ ನಂಬಿಕೆ ಇಟ್ಟವರು ಎಷ್ಟೇ ಹತ್ತಿರದವರಾದರೂ ಒಂದು ಫಾರ್ವರ್ಡ್ ಸಾಕು.

ಬರೆಯುವ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ನಿಜವಾದ ರಕ್ಷಣೆ ಇಲ್ಲೇ ಇರುವುದು. 'ಇನ್‌ಚಾರ್ಜ್ ಸುಳ್ಳು ದಾಖಲೆ ಮಾಡುತ್ತಿದ್ದಾರೆ, ರೋಗಿಗಳ ಜೀವದ ಜೊತೆ ಆಟ ಆಡುತ್ತಿದ್ದಾರೆ' ಎಂದು ಬರೆದರೆ ಅದು ಇಬ್ಬರು ಸಿಸ್ಟರ್‌ಗಳ ಜಗಳ ಆಗಿಬಿಡುತ್ತದೆ, ಮೇಲಿನವರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿ ಫೈಲ್ ಮುಚ್ಚುತ್ತಾರೆ. ಹೀಗೆ ಬರೆಯಿರಿ: 'ಇಂಥ ತಾರೀಖಿನಿಂದ ಇಂಕ್ಯುಬೇಟರ್ ಆನ್ ಆಗುತ್ತಿಲ್ಲ. ಅದಾದ ಮೇಲೆ ರಿಜಿಸ್ಟರ್‌ನ ಇಂಥ ಪುಟದಿಂದ ಇಂಥ ಪುಟದವರೆಗೆ ಎಂಟು ಸಲ ಪಾಸ್ ಎಂದು ನಮೂದಾಗಿದೆ. ಇಂಥ ದಿನ, ಇಂಥ ಸೈಕಲ್ ನಂಬರ್‌ನ ಪ್ಯಾಕ್‌ನಲ್ಲಿ ಪಟ್ಟಿಯ ಬಣ್ಣ ಪೂರ್ತಿ ಬದಲಾಗಿರಲಿಲ್ಲ.' ಇಂಕ್ಯುಬೇಟರ್ ರಿಪೇರಿಗೆ ಕೊಟ್ಟ ಚೀಟಿ ಇದ್ದರೆ ಅದರ ನಂಬರ್ ಹಾಕಿ, ಅದು ಒಂದೇ ಸಾಕು ಇಡೀ ಕಥೆ ಹೇಳಲು. ಯಾರ ಉದ್ದೇಶದ ಬಗ್ಗೆಯೂ ಒಂದು ಅಕ್ಷರ ಬೇಡ. ಕಂಡಿದ್ದು ಬೇರೆ, ಕೇಳಿದ್ದು ಬೇರೆ, ಊಹೆ ಬೇರೆ. ಮೂರನ್ನೂ ಬೆರೆಸಬೇಡಿ.

ರೋಗಿಗಳ ಹೆಸರು, ಕೇಸ್ ಶೀಟ್, ಫೋಟೊ ಯಾವುದನ್ನೂ ಮನೆಗೆ ತೆಗೆದುಕೊಂಡು ಹೋಗಬೇಡಿ. ನಿಮಗೆ ಕೆಲಸಕ್ಕೆ ಬೇಕಿಲ್ಲದ ಕಂಪ್ಯೂಟರ್ ಫೈಲ್ ತೆರೆಯಬೇಡಿ, ಯಾರು ಯಾವಾಗ ತೆರೆದರು ಎಂಬುದು ಅಲ್ಲಿ ದಾಖಲಾಗುತ್ತದೆ. ಒಳ್ಳೆಯ ಉದ್ದೇಶದಿಂದ ದಾಖಲೆ ಹೊತ್ತೊಯ್ದು, ಕೊನೆಗೆ ಗೋಪ್ಯತೆ ಮುರಿದ ಕೇಸ್‌ನಲ್ಲಿ ಸಿಕ್ಕಿಬಿದ್ದವರನ್ನು ನಾನು ನೋಡಿದ್ದೇನೆ, ಮೂಲ ತಪ್ಪಿನ ಮಾತೇ ಆಮೇಲೆ ಯಾರೂ ಎತ್ತಲಿಲ್ಲ. ದಾಖಲೆ ಎಲ್ಲಿದೆ ಎಂದು ಗುರುತು ಮಾಡಿಕೊಂಡರೆ ಸಾಕು, ತನಿಖೆ ಮಾಡುವವರು ಅದನ್ನು ತೆಗೆಯುತ್ತಾರೆ. ನಿಮ್ಮದೇ ಆದ ಕಾಗದಗಳು ಬೇರೆ ವಿಷಯ. ನೇಮಕಾತಿ ಪತ್ರ, ಇಷ್ಟು ವರ್ಷದ ಒಳ್ಳೆಯ ಅಪ್ರೈಸಲ್‌ಗಳು, ಈಗಿನ ಡ್ಯೂಟಿ ಪಟ್ಟಿ, ಇವನ್ನೆಲ್ಲ ದೂರು ಕೊಡುವ ಮೊದಲೇ ಮನೆಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ಬರವಣಿಗೆ ಎಷ್ಟು ವರ್ಷ ಬದುಕುತ್ತದೆ ಎಂದು ಹೇಳಲೇ? ಇಂಗ್ಲೆಂಡಿನ ಗಾಸ್‌ಪೋರ್ಟ್ ಆಸ್ಪತ್ರೆಯಲ್ಲಿ 1991ರಲ್ಲೇ ಕೆಲವು ನರ್ಸ್‌ಗಳು, ವಯಸ್ಸಾದ ರೋಗಿಗಳಿಗೆ ಸಿರಿಂಜ್ ಡ್ರೈವರ್‌ನಲ್ಲಿ (ಔಷಧವನ್ನು ನಿಧಾನವಾಗಿ ಮೈಗೆ ಬಿಡುವ ಪಂಪ್) ಡೈಮಾರ್ಫಿನ್ ಎಂಬ ಪ್ರಬಲ ನೋವು ನಿವಾರಕ ಕೊಡುತ್ತಿರುವುದು ಸರಿ ಇಲ್ಲ ಎಂದು ಹೇಳಿದ್ದರು. ಅವರ ಮಾತನ್ನು ಬದಿಗೆ ಸರಿಸಿದರು. 2018ರಲ್ಲಿ ಸ್ವತಂತ್ರ ಸಮಿತಿ ವರದಿ ಕೊಟ್ಟಾಗ, 456 ಜನರ ಆಯಸ್ಸು ಆ ರೀತಿ ಕಡಿಮೆಯಾಗಿತ್ತು ಎಂದು ಹೇಳಿತು. ನರ್ಸ್‌ಗಳು ಹೇಳಿದ್ದು 27 ವರ್ಷದ ಮೇಲೂ ತೋರಿಸಲು ಆಗಿದ್ದು ಕಾಗದದ ಮೇಲೆ ಉಳಿದಿದ್ದರಿಂದ. ಬ್ರಿಸ್ಟಲ್‌ನಲ್ಲಿ ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ ಮಾಡಿದ್ದೂ ಇದೇ. ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಸಾವು ಜಾಸ್ತಿ ಅನ್ನಿಸಿದಾಗ ಲೆಕ್ಕ ಇಟ್ಟರು, ಹೇಳುತ್ತಲೇ ಹೋದರು. 2001ರ ತನಿಖಾ ವರದಿ ಪ್ರಕಾರ 1991ರಿಂದ 1995ರವರೆಗೆ ಅಲ್ಲಿ ಒಂದು ವರ್ಷದೊಳಗಿನ ಮಕ್ಕಳಲ್ಲಿ ನಿರೀಕ್ಷೆಗಿಂತ 30ರಿಂದ 35 ಸಾವು ಹೆಚ್ಚು. ಬೋಲ್ಸಿನ್ ಅಷ್ಟರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿಬಿಟ್ಟಿದ್ದರು. ಲೆಕ್ಕ ಸರಿ ಇದ್ದರೂ ಮನುಷ್ಯ ಆ ಜಾಗ ಬಿಡಬೇಕಾಯಿತು. ಇದನ್ನು ನಿಮ್ಮಿಂದ ಮುಚ್ಚಿಡಲು ನನಗೆ ಇಷ್ಟ ಇಲ್ಲ.

ಯಾರಿಗೆ ಕೊಡಬೇಕು? ಇನ್‌ಚಾರ್ಜ್ ಮೇಲೆಯೇ ಅನುಮಾನ ಇರುವುದರಿಂದ ಅವರನ್ನು ದಾಟಿ ಹೋಗುವುದು ತಪ್ಪಲ್ಲ, ಅವರಿಗೆ ಒಮ್ಮೆ ಹೇಳಿಯೂ ಆಗಿದೆ. ಸೋಂಕು ನಿಯಂತ್ರಣದ ನರ್ಸ್ ಅಥವಾ ಅದರ ಸಮಿತಿಯ ಮುಖ್ಯಸ್ಥರಿಗೆ ಬರೆಯಿರಿ, ನರ್ಸಿಂಗ್ ಮುಖ್ಯಸ್ಥರಿಗೆ ಪ್ರತಿ ಹಾಕಿ. ಇಮೇಲ್ ಆಗಿದ್ದರೆ ಒಳ್ಳೆಯದು, ಕಾಗದ ಆದರೆ ತಲುಪಿದ್ದಕ್ಕೆ ಸಹಿ, ತಾರೀಖು ತೆಗೆದುಕೊಳ್ಳಿ. ಯಾರಾದರೂ ಕರೆದು ಬಾಯಿಮಾತಲ್ಲಿ ಮಾತಾಡಿದರೆ, ಅವತ್ತೇ ಸಂಜೆ 'ಇವತ್ತು ನಾವು ಮಾತಾಡಿದ್ದು ಇಷ್ಟು' ಎಂದು ಎರಡು ಸಾಲಿನ ಮೇಲ್ ಅವರಿಗೇ ಕಳಿಸಿ. ಉತ್ತರ ಬರದಿದ್ದರೆ ಹೊರಗಿನ ನಿಯಂತ್ರಣ ಸಂಸ್ಥೆಗೆ ಹೋಗಿ. ಪತ್ರಕರ್ತರ ಹತ್ತಿರ ಹೋಗುವುದು ಕೊನೆಯ ಮೆಟ್ಟಿಲು, ಯಾಕೆಂದರೆ ಬಹಳ ಕಾನೂನುಗಳಲ್ಲಿ ಒಳಗೆ ಅಥವಾ ನಿಯಂತ್ರಣ ಸಂಸ್ಥೆಗೆ ಹೇಳಿದವರಿಗೆ ಸುಲಭಕ್ಕೆ ಸಿಗುವ ರಕ್ಷಣೆ ನೇರವಾಗಿ ಮಾಧ್ಯಮಕ್ಕೆ ಹೋದವರಿಗೆ ಸಿಗುವುದಿಲ್ಲ. ಜೊತೆಗೆ ಒಬ್ಬರಾದರೂ ಸಹೋದ್ಯೋಗಿ ಸೈನ್ ಹಾಕಲು ಒಪ್ಪಿದರೆ ತುಂಬಾ ಒಳ್ಳೆಯದು, ಆದರೆ ಅವರಿಗಾಗಿ ಕಾಯುತ್ತಾ ಕೂರಬೇಡಿ.

ದೂರು ಕೊಟ್ಟವರನ್ನು ಕಾಪಾಡುವ ಕಾನೂನು ದೇಶ ದೇಶಕ್ಕೂ ಬೇರೆ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ನನಗೆ ಇಷ್ಟ, ಏಕೆಂದರೆ ಅದರಲ್ಲಿ ದಿನಗಳ ಲೆಕ್ಕ ಇದೆ. ದೂರು ತಲುಪಿದೆ ಎಂದು 7 ದಿನದಲ್ಲಿ ತಿಳಿಸಬೇಕು, ಏನು ಮಾಡಿದಿರಿ ಎಂದು 3 ತಿಂಗಳಲ್ಲಿ ಹೇಳಬೇಕು. ದೂರಿನ ಮೇಲೆ ಕೆಲಸದಲ್ಲಿ ತೊಂದರೆ ಆದರೆ, ಅದಕ್ಕೂ ದೂರಿಗೂ ಸಂಬಂಧ ಇಲ್ಲ ಎಂದು ಸಾಬೀತು ಮಾಡಬೇಕಾದವರು ಮಾಲೀಕರು, ನೀವಲ್ಲ. ಬ್ರಿಟನ್‌ನಲ್ಲಿ 1998ರಿಂದ ಕಾಯ್ದೆ ಇದೆ, ಆದರೆ ಕೆಲಸದಿಂದ ತೆಗೆದರೆ ತಾತ್ಕಾಲಿಕ ಪರಿಹಾರ ಕೇಳಲು ಸಿಗುವುದು 7 ದಿನ ಮಾತ್ರ. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ಬಗ್ಗೆ ಹೇಳಿದ್ದಕ್ಕೆ ಸೇಡು ತೀರಿಸಿಕೊಂಡರೆ ಕೇಂದ್ರ ಇಲಾಖೆಗೆ ದೂರು ಕೊಡಲು 30 ದಿನ. ಭಾರತದಲ್ಲಿ 2014ರಲ್ಲಿ ಕಾಯ್ದೆ ಪಾಸಾಗಿ ರಾಷ್ಟ್ರಪತಿ ಅಂಕಿತವೂ ಬಿತ್ತು, ಜಾರಿಗೆ ತರುವ ಅಧಿಸೂಚನೆ ಮಾತ್ರ ವರ್ಷಗಟ್ಟಲೆ ಹೊರಬೀಳಲಿಲ್ಲ. ನೀವು ಯಾವ ದೇಶದಲ್ಲೇ ಇರಿ, ವಕೀಲರ ಹತ್ತಿರ ಮೊದಲು ಕೇಳಬೇಕಾದ್ದು 'ನನಗೆ ಎಷ್ಟು ದಿನ ಇದೆ' ಎಂದು. ಒಳ್ಳೆಯ ಕೇಸ್‌ಗಳು ತಾರೀಖು ಮೀರಿ ಸತ್ತಿದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಸೇಡು ಹೇಗೆ ಬರುತ್ತದೆ ಎಂದು ಮೊದಲೇ ಗೊತ್ತಿರಲಿ. 'ದೂರು ಕೊಟ್ಟಿದ್ದಕ್ಕೆ' ಎಂದು ಯಾರೂ ಬರೆಯುವುದಿಲ್ಲ. ಸತತ ನೈಟ್ ಡ್ಯೂಟಿ ಬೀಳುತ್ತದೆ. ಎರಡು ವರ್ಷದ ಹಿಂದಿನ ಸಣ್ಣ ತಪ್ಪಿಗೆ ಈಗ ಮೆಮೊ ಬರುತ್ತದೆ. ಥಿಯೇಟರ್‌ನಿಂದ ಓಪಿಡಿಗೆ ಹಾಕುತ್ತಾರೆ. 'ಎಲ್ಲರ ಜೊತೆ ಹೊಂದಿಕೊಳ್ಳುವುದಿಲ್ಲ' ಎಂದು ಅಪ್ರೈಸಲ್‌ನಲ್ಲಿ ಬರುತ್ತದೆ. ಕೆಲವು ಕಡೆ 'ಒತ್ತಡದಲ್ಲಿದ್ದೀರಿ, ಮಾನಸಿಕ ವೈದ್ಯರನ್ನು ನೋಡಿ' ಎಂದು ಪ್ರೀತಿಯಿಂದ ಹೇಳಿದ ಹಾಗೆ ಹೇಳಿ, ಅದನ್ನೇ ಫೈಲಿಗೆ ಸೇರಿಸುತ್ತಾರೆ. ಟೀ ಕುಡಿಯುವಾಗ ಪಕ್ಕದ ಕುರ್ಚಿ ಖಾಲಿ ಇರುತ್ತದೆ, ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ಅದೇ. ಇವನ್ನೆಲ್ಲ ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಅಳು ಬಂದ ದಿನವೂ ಬರೆಯಿರಿ. ಮುಂಚಿನ ಮೂರು ತಿಂಗಳ ಡ್ಯೂಟಿ ಪಟ್ಟಿ, ಆಮೇಲಿನ ಮೂರು ತಿಂಗಳ ಪಟ್ಟಿ ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಅರ್ಥವಾಗುತ್ತದೆ. ಮತ್ತೆ ಆ ದಿನಗಳಲ್ಲಿ ನಿಮ್ಮ ಕೆಲಸದಲ್ಲಿ ಸಣ್ಣ ಲೋಪವೂ ಬೇಡ, ಎಲ್ಲ ಎಣಿಕೆ, ಎಲ್ಲ ಎಂಟ್ರಿ ಎರಡು ಸಲ ನೋಡಿ.

ಇದನ್ನು ಓದುತ್ತಿರುವ ಇನ್‌ಚಾರ್ಜ್‌ಗಳು, ಮ್ಯಾನೇಜರ್‌ಗಳು ಇದ್ದರೆ ನಿಮಗೂ ಒಂದು ಮಾತು. ನಾನು ಗುಣಮಟ್ಟ ವಿಭಾಗದಲ್ಲಿ ಹೊಸದಾಗಿ ಕೂತಾಗ ಒಬ್ಬ ಹುಡುಗಿ ಬಂದು, ಐಸಿಯುನಲ್ಲಿ ಒಂದು ಔಷಧದ ಲೆಕ್ಕ ಹೊಂದುತ್ತಿಲ್ಲ ಎಂದಳು. ನಾನು ಮೊದಲು ಕೇಳಿದ್ದು 'ಇದನ್ನು ನಿನಗೆ ಯಾರು ಹೇಳಿದರು' ಎಂದು. ಮಾರನೇ ದಿನ ಮೀಟಿಂಗ್‌ನಲ್ಲಿ ಯೋಚನೆ ಇಲ್ಲದೆ ಅವಳ ಹೆಸರನ್ನೂ ಹೇಳಿದೆ. ಲೆಕ್ಕ ನಿಜವಾಗಿಯೂ ತಪ್ಪಿತ್ತು, ಅದು ಸರಿಯಾಯಿತು. ಆದರೆ ಆ ಹುಡುಗಿ ನಾಲ್ಕು ತಿಂಗಳಲ್ಲಿ ಕೆಲಸ ಬಿಟ್ಟಳು, ಆ ವಾರ್ಡ್‌ನಿಂದ ಮತ್ತೆ ಯಾರೂ ನನ್ನ ಹತ್ತಿರ ಏನನ್ನೂ ತರಲಿಲ್ಲ. ಎಲ್ಲ ಸರಿಯಾಗಿದೆ ಎಂದು ನಾನು ಅಂದುಕೊಂಡಿದ್ದೆ. ಈಗಲೂ ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇದೆ. ಯಾರಾದರೂ ಬಂದು ಹೇಳಿದರೆ ಮೊದಲು ಕೇಳಬೇಕಾದ್ದು 'ಈಗ ಯಾವ ರೋಗಿಗೆ ಅಪಾಯ ಇದೆ' ಎಂದು. ಆಮೇಲೆ ಆರು ತಿಂಗಳು ಆ ವ್ಯಕ್ತಿಯ ಡ್ಯೂಟಿ ಪಟ್ಟಿಯನ್ನು ನೀವೇ ನೋಡಿ, ಬೇರೆಯವರ ಕೈಗೆ ಬಿಡಬೇಡಿ.

ಕೊನೆಗೆ, ಕೆಲಸ ಬಿಟ್ಟು ಆಮೇಲೆ ಹೇಳಲೇ ಎಂಬ ಪ್ರಶ್ನೆ. ಆಗುತ್ತದೆ. ಯುರೋಪಿನ ಆ ನಿರ್ದೇಶನದಲ್ಲಿ ಕೆಲಸ ಬಿಟ್ಟವರಿಗೂ ರಕ್ಷಣೆ ಇದೆ. ಮನೆ ನಿಮ್ಮ ಒಬ್ಬರ ಸಂಬಳದ ಮೇಲೆ ನಿಂತಿದ್ದರೆ, ಮೊದಲು ಬೇರೆ ಕೆಲಸ ನೋಡಿಕೊಳ್ಳುವುದನ್ನು ನಾನು ಹೇಡಿತನ ಅನ್ನುವುದಿಲ್ಲ. ಆದರೆ ಎರಡು ವಿಷಯ ಗಮನದಲ್ಲಿರಲಿ. ಹೊರಗೆ ಹೋದ ಮೇಲೆ ಆ ರಿಜಿಸ್ಟರ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಹೊಸ ಇಂಕ್ಯುಬೇಟರ್ ತಂದಿಟ್ಟು ಹಳೆಯ ಪುಟ ಬದಲಾಯಿಸಿದರೂ ನಿಮಗೆ ಗೊತ್ತಾಗುವುದಿಲ್ಲ. ಹೋಗುವಾಗ 'ಇಲ್ಲಿನ ಯಾವ ವಿಷಯವನ್ನೂ ಹೊರಗೆ ಹೇಳುವುದಿಲ್ಲ' ಎಂಬ ಕಾಗದಕ್ಕೆ ಸೈನ್ ಕೇಳಿದರೆ, ವಕೀಲರಿಗೆ ತೋರಿಸದೆ ಹಾಕಬೇಡಿ. ಬ್ರಿಟನ್‌ನಂಥ ಕಡೆ ಕಾನೂನು ರಕ್ಷಣೆ ಕೊಡುವ ದೂರನ್ನು ಇಂಥ ಷರತ್ತು ತಡೆಯಲಾರದು, ಎಲ್ಲ ಕಡೆ ಹಾಗಿಲ್ಲ. ಇನ್ನು ನೀವು ಬೇರೆ ಕೆಲಸ ಹುಡುಕುವ ಆ ತಿಂಗಳುಗಳಲ್ಲೂ ಥಿಯೇಟರ್ ನಡೆಯುತ್ತಲೇ ಇರುತ್ತದೆ. ಅದಕ್ಕೇ ನನ್ನ ಸಲಹೆ, ಕೆಲಸ ಹುಡುಕುವುದನ್ನು ಬೇಕಾದರೆ ಇವತ್ತೇ ಶುರು ಮಾಡಿ, ಆದರೆ ಕೆಟ್ಟ ಇಂಕ್ಯುಬೇಟರ್ ಮತ್ತು ಆ ಎಂಟು ನಮೂದುಗಳ ಬಗ್ಗೆ ಸೋಂಕು ನಿಯಂತ್ರಣದವರಿಗೆ ಹೋಗುವ ಪತ್ರ ಈ ವಾರವೇ ಹೋಗಲಿ. ಕಳಿಸುವ ಮೊದಲು ಪುಟದ ನಂಬರ್‌ಗಳನ್ನು ಇನ್ನೊಂದು ಸಲ ನೋಡಿಕೊಳ್ಳಿ.